ತಲೆದಿಂಬಿನ ಕೆಳಗಿನ ಕಬ್ಬಿಣ

ಬಾಣಂತಿಯಾಗುವ ಮೊದಲೇ ಬಾಣಂತಿಯರಿಗೆ ಬುದ್ಧಿ ಹೇಳಲು ಹೊರಟವಳು ನಾನು. ಎಂಬಿಬಿಎಸ್ ಕೊನೆಯ ವರ್ಷದಲ್ಲಿದ್ದಾಗ ನಾವು ನಾಲ್ಕೈದು ಹುಡುಗಿಯರು ಸೇರಿ ಒಂದು ಸಣ್ಣ ನಾಟಕ ಕಟ್ಟಿದ್ದೆವು, ಹೆರಿಗೆಯಾದ ಮೇಲೆ ಕೆಲವು ತಾಯಂದಿರನ್ನು ಹಿಡಿಯುವ ಖಿನ್ನತೆಯ ಬಗ್ಗೆ. ಬರೆದವಳು ನಾನೇ. ಅದರಲ್ಲಿ ಬಾಣಂತಿ ತಲೆ ಕೆದರಿಕೊಂಡು ಮೂಲೆಯಲ್ಲಿ ಕೂತು ಗೊಳೋ ಎಂದು ಅಳುತ್ತಾಳೆ, ಅತ್ತೆ ಗದರುತ್ತಾಳೆ, ಬಿಳಿ ಕೋಟು ಹಾಕಿದ ಡಾಕ್ಟರಮ್ಮ ಬಂದು ನಾಲ್ಕು ಮಾತಿನಲ್ಲಿ ಎಲ್ಲವನ್ನೂ ಸರಿ ಮಾಡುತ್ತಾಳೆ. ಆ ಕೋಟು ಹಾಕಿಕೊಳ್ಳುತ್ತಿದ್ದವಳೂ ನಾನೇ. ಬ್ರಹ್ಮಾವರದ ಆಚೀಚೆ, ಕೊಕ್ಕರ್ಣೆಯ ಕಡೆ, ಅಂಗನವಾಡಿಯಲ್ಲಿ ತಾಯಂದಿರ ಸಭೆ ಇದ್ದಲ್ಲೆಲ್ಲ ಹೋಗಿ ಆಡುತ್ತಿದ್ದೆವು. ಹೆಂಗಸರು ಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಂಡು ನೋಡುತ್ತಿದ್ದರು, ಮುಗಿದ ಮೇಲೆ ಚಪ್ಪಾಳೆ ತಟ್ಟಿ ಅವಲಕ್ಕಿ, ಚಹಾ ಕೊಡುತ್ತಿದ್ದರು. ಯಾರೂ ಒಂದು ಪ್ರಶ್ನೆ ಕೇಳಿದ್ದು ನೆನಪಿಲ್ಲ. ಎಲ್ಲರಿಗೂ ಅರ್ಥವಾಯಿತು ಎಂದುಕೊಂಡು ನಾವು ಖುಷಿಯಾಗಿ ಬಸ್ಸು ಹತ್ತುತ್ತಿದ್ದೆವು.

ಆಮೇಲೆ ನನ್ನ ಸರದಿ ಬಂತು. ಈಗ ಮಗಳಿಗೆ ಮೂರು ವರ್ಷ ಕಳೆದಿದೆ, ಇದನ್ನೆಲ್ಲ ಬರೆಯುವಷ್ಟು ನಾನು ಗಟ್ಟಿಯಾಗಿದ್ದೇನೆ. ಓದುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಮಗು ಚೆನ್ನಾಗಿದೆ, ನಾನೂ ಇದ್ದೇನೆ. ನಡುವೆ ನಡೆದದ್ದು ಅಷ್ಟು ಚಂದದ್ದಲ್ಲ. ಆದರೆ ಈ ಹೊತ್ತಿಗೂ ಯಾವುದೋ ಮನೆಯ ಒಳಕೋಣೆಯಲ್ಲಿ ಕೂತು, ತಲೆಯೊಳಗೆ ಓಡುವುದನ್ನು ಯಾರಿಗೂ ಹೇಳಲಾರದೆ ಬೇಯುತ್ತಿರುವವಳು ಒಬ್ಬಳಾದರೂ ಇರುತ್ತಾಳೆ. ಅವಳಿಗಾಗಿ ಬರೆಯುತ್ತಿದ್ದೇನೆ.

ಓದಿನ ನಡುವೆಯೇ ನನ್ನ ಮದುವೆಯಾಗಿತ್ತು. ಗಂಡ ಪ್ರದೀಪ್ ಬ್ರಹ್ಮಾವರದವರು, ಶಿವಮೊಗ್ಗದಲ್ಲಿ ಹೋಟೆಲು ಇಟ್ಟಿದ್ದಾರೆ. ನಾನು ಪರೀಕ್ಷೆ ಮುಗಿಸಿ, ಇಂಟರ್ನ್‌ಶಿಪ್ ಮುಂದೂಡಿ, ಹೆರಿಗೆಗೆ ತವರಿಗೆ ಬಂದೆ. ಶಂಕರನಾರಾಯಣದಿಂದ ಸ್ವಲ್ಪ ಒಳಗೆ ನಮ್ಮ ಮನೆ. ಅಪ್ಪನದು ಪುಣೆಯಲ್ಲಿ ಕ್ಯಾಂಟೀನು, ವರ್ಷಕ್ಕೊಮ್ಮೆ ಬರುವವರು. ಮನೆಯಲ್ಲಿ ಅಮ್ಮ ಒಬ್ಬಳೇ. ಬಾಣಂತನ ಮಾಡುವುದರಲ್ಲಿ ಅಮ್ಮನನ್ನು ಮೀರಿಸುವವರು ನಮ್ಮ ಆಸುಪಾಸಿನಲ್ಲಿ ಇರಲಿಲ್ಲ, ಹಾಗೆಂದು ಅವಳೇ ಹೇಳುತ್ತಿದ್ದಳು. ಕುಂದಾಪುರದ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಸುಸೂತ್ರ ಹೆರಿಗೆ, ಒಳ್ಳೆಯ ತೂಕದ ಮಗು, ಎದೆ ತುಂಬ ಹಾಲು. ದೂರಲು ಒಂದು ಕಾರಣವೂ ಇರಲಿಲ್ಲ.

ಆಸ್ಪತ್ರೆಯಿಂದ ಬಂದ ದಿನವೇ ಅಮ್ಮ ನನ್ನ ತಲೆದಿಂಬಿನ ಕೆಳಗೆ ಒಂದು ಚೂರಿ ಇಟ್ಟಳು. ಬಾಣಂತಿ ಮತ್ತು ಶಿಶು ಮಲಗುವಲ್ಲಿ ಕಬ್ಬಿಣ ಇರಬೇಕು, ಇಲ್ಲದಿದ್ದರೆ ದೆವ್ವದ ಸೋಂಕು ತಾಗುತ್ತದೆ ಎಂಬುದು ನಮ್ಮ ಮನೆಯಲ್ಲಿ ಚರ್ಚೆ ಮಾಡುವ ವಿಷಯವೇ ಅಲ್ಲ. ನಾನು ಸುಮ್ಮನಿರುವವಳೇ? ಚೂರಿ ಎತ್ತಿ ನೋಡಿದೆ.

"ಇದ್ ತುಕ್ಕ್ ಹಿಡ್ದಿತಲ್ಲೆ. ಸೋಂಕ್ ತಾಗುಕ್ ಮೊದ್ಲ್ ಧನುರ್ವಾಯು ಬತ್ತ್, ಕಾಣ್."

"ನಿನ್ ಡಾಕ್ಟರಿಕಿ ಹೊರ್ಗ್ ಇಡ್. ಈ ಕೋಣಿಯಂಗೆ ನಾನೇ ಡಾಕ್ಟ್ರ್," ಎಂದಳು ಅಮ್ಮ. ಇಬ್ಬರೂ ನಕ್ಕೆವು. ಚೂರಿ ದಿಂಬಿನ ಕೆಳಗೆ ಹೋಯಿತು.

ದಿನಗಳು ಅವಳು ಹೇಳಿದ ಹಾಗೆಯೇ ನಡೆದವು. ಬೆಳಿಗ್ಗೆ ಎಣ್ಣೆ ತಿಕ್ಕಿ, ಹಂಡೆಯ ನೀರು ಖಾಲಿಯಾಗುವವರೆಗೆ ಬೆನ್ನಿಗೆ ಸೊಂಟಕ್ಕೆ ಬಿಸಿನೀರು ಹೊಯ್ಯುವುದು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಮೀಸುವುದು, ಕರಿಮೆಣಸಿನ ಸಾರು, ಬೆಳ್ಳುಳ್ಳಿ, ಹೊಟ್ಟೆಗೆ ಬಿಗಿಯಾಗಿ ಸುತ್ತಿದ ಬಟ್ಟೆ. ಮೀಸಿದ ಮೇಲೆ ಮಗು ಗಾಢ ನಿದ್ದೆ ಹೋಗುತ್ತಿತ್ತು. ಊಟ ಮುಗಿಸಿ ಅಮ್ಮನೂ ಚಾವಡಿಯಲ್ಲಿ ಅಡ್ಡಾಗುತ್ತಿದ್ದಳು. ಮಟಮಟ ಮಧ್ಯಾಹ್ನ ಆ ಮನೆಯಲ್ಲಿ ಎಚ್ಚರ ಇರುತ್ತಿದ್ದವಳು ನಾನೊಬ್ಬಳೇ.

ಅಂಥ ಒಂದು ಮಧ್ಯಾಹ್ನ ಮಗುವಿನ ಮುಖ ನೋಡುತ್ತಾ ಕೂತಿದ್ದೆ. ಹಣೆಯ ಮೇಲೆ ಅಮ್ಮ ಇಟ್ಟ ಕಪ್ಪು ಬೊಟ್ಟು, ತೆರೆದ ಬಾಯಿ. ಒಮ್ಮೆಲೇ ಕಣ್ಣ ಮುಂದೆ ಒಂದು ಚಿತ್ರ ಬಂತು. ಪೂರ್ತಿ ಬರೆಯುವುದಿಲ್ಲ. ದಿಂಬಿನ ಕೆಳಗಿನ ಚೂರಿ, ನನ್ನ ಕೈ, ಮಗುವಿನ ಕುತ್ತಿಗೆ. ಅಷ್ಟು ಸ್ಪಷ್ಟ ಚಿತ್ರವನ್ನು ನಾನು ಕನಸಿನಲ್ಲೂ ಕಂಡಿಲ್ಲ. ಕಣ್ಣು ಮುಚ್ಚಿದರೂ ಕಾಣುತ್ತಿತ್ತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿ, ಅದರ ಮೇಲೆ ಭಾರ ಬಿಟ್ಟು ಕೂತೆ. ಅಮ್ಮ ಎದ್ದು ಬರುವ ಹೊತ್ತಿಗೆ ಬೆರಳುಗಳು ಜೋಮು ಹಿಡಿದಿದ್ದವು.

ಮಾರನೇ ದಿನವೂ ಬಂತು, ಅದರ ಮಾರನೇ ದಿನವೂ. ಮಧ್ಯಾಹ್ನದ ಆ ಮೌನಕ್ಕೇ ಕಾದು ಕೂತಂತೆ ಬರುತ್ತಿತ್ತು. ನನಗೆ ಮಗುವಿನ ಮೇಲೆ ಸಿಟ್ಟಿರಲಿಲ್ಲ, ಬೇಸರವೂ ಇರಲಿಲ್ಲ. ಹಾಗಾದರೆ ನನ್ನೊಳಗೆ ಕೂತು ಇದನ್ನು ತೋರಿಸುತ್ತಿರುವುದು ಯಾರು? ಮಗುವನ್ನು ಎತ್ತಿಕೊಳ್ಳಲು ಹೆದರಿದೆ. ಹಾಲು ಕುಡಿಸುವಾಗ ಕಣ್ಣು ಗೋಡೆಯ ಮೇಲೆ ಇಡುತ್ತಿದ್ದೆ. ಅನ್ನದ ರುಚಿ ಹೋಯಿತು. ಅಳು ಮಾತ್ರ ಬರಲಿಲ್ಲ. ನನ್ನ ನಾಟಕದ ಬಾಣಂತಿ ಅಳುತ್ತಿದ್ದಳಲ್ಲ, ನಾನು ಅಳುತ್ತಿಲ್ಲ, ಹಾಗಾದರೆ ನನಗೆ ಬಂದದ್ದು ಆ ರೋಗ ಅಲ್ಲ, ಇನ್ನೇನೋ ಕೆಟ್ಟದ್ದು ಎಂದು ತೀರ್ಮಾನ ಮಾಡಿಕೊಂಡೆ. ಓದಿದವಳ ಬುದ್ಧಿ ಕೆಲಸ ಮಾಡಿದ್ದು ಹೀಗೆ.

ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಯಾರಿಗೆ, ಏನೆಂದು? ಹೇಳಿದ ಕ್ಷಣವೇ ಮಗುವನ್ನು ನನ್ನ ಕೈಯಿಂದ ತೆಗೆದುಕೊಳ್ಳುತ್ತಾರೆ, ಮತ್ತೆ ಯಾವತ್ತೂ ಕೊಡುವುದಿಲ್ಲ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ತೆಗೆದುಕೊಂಡರೆ ಮಗು ಬದುಕುತ್ತದೆ ಅನಿಸುತ್ತಿತ್ತು, ಮರುಕ್ಷಣ ಅದಿಲ್ಲದೆ ನಾನು ಹೇಗೆ ಬದುಕಲಿ ಅನಿಸುತ್ತಿತ್ತು. ಆ ಎರಡರ ನಡುವೆ ನನಗೆ ಹೊಳೆದ ಉಪಾಯ ಒಂದೇ. ಅಮ್ಮ ಹಿತ್ತಲಿಗೆ ಹೋಗಿದ್ದಾಗ ಚೂರಿಯನ್ನು ತೆಗೆದು ಬಚ್ಚಲಿನ ಸೌದೆಯ ಹಿಂದೆ ತುರುಕಿದೆ. ಆ ರಾತ್ರಿ ಸ್ವಲ್ಪ ನಿದ್ದೆ ಬಂತು.

ಹಾಸಿಗೆ ಕೊಡವುವಾಗ ಅಮ್ಮನಿಗೆ ಗೊತ್ತಾಯಿತು. ಹೆಣ್ಣೇ ಎನ್ನುವುದಕ್ಕೆ ನಮ್ಮ ಕಡೆ ಹೆಣೆ ಎನ್ನುತ್ತಾರೆ, ಹಾಗೆ ಕರೆದಳು.

"ಹೆಣೆ, ಇಲ್ಲಿಪ್ಪು ಚೂರಿ ಎಲ್ಲಿಗ್ ಹೋಯ್ತ್?"

"ನಂಗ್ ಗೊತ್ತಿಲ್ಲೆ."

ಅಮ್ಮ ನನ್ನ ಮುಖ ನೋಡಿದಳು, ಕೋಣೆಯ ಮೂಲೆ ಮೂಲೆ ನೋಡಿದಳು. ಸಂಜೆ ದಿಂಬಿನ ಕೆಳಗೆ ಅಡಕತ್ತರಿ ಬಂತು. ಎರಡು ದಿನ ಸಹಿಸಿ ಅದನ್ನು ಅಕ್ಕಿಯ ಡಬ್ಬಿಯ ಹಿಂದೆ ಹಾಕಿದೆ. ಆಗ ಅಮ್ಮನ ಮುಖ ಬಿಳಿಚಿಕೊಂಡಿತು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದಳು, ಹುಲ್ಲು ಕೊಯ್ಯುವ ದೊಡ್ಡ ಕತ್ತಿಯನ್ನು ತೊಳೆದು ತಂದು ತೊಟ್ಟಿಲ ಬುಡದಲ್ಲಿ ಇಟ್ಟಳು. ನಾನು ಹೆದರಿ ತೆಗೆದಷ್ಟೂ ಅವಳು ಹೆದರಿ ದೊಡ್ಡದನ್ನು ಇಡುತ್ತಿದ್ದಳು. ಒಂದೇ ಮಗುವನ್ನು ಉಳಿಸಿಕೊಳ್ಳಲು ತಾಯಿ ಮಗಳು ಎದುರುಬದುರು ನಿಂತು ಕೆಲಸ ಮಾಡುತ್ತಿದ್ದೆವು. ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು.

ಅಮ್ಮ ನನಗೆ ಹೇಳದೆ ಜೋಯಿಸರಲ್ಲಿ ನಿಮಿತ್ತ ಕೇಳಿ ಬಂದಳು. ಬಾಣಂತಿಯಾಗಿದ್ದಾಗಲೇ ತೀರಿಹೋದ ಹೆಂಗಸೊಬ್ಬಳು ಮನೆಯಲ್ಲಿ ಸುತ್ತುತ್ತಿದ್ದಾಳೆ, ಶಿಶುವಿನ ಮೇಲೆ ಅವಳ ಕಣ್ಣಿದೆ, ಕಬ್ಬಿಣವನ್ನು ಎತ್ತಿಡುವವಳು ಅವಳೇ ಎಂದರಂತೆ. ಗುಟ್ಟು ಇಟ್ಟುಕೊಳ್ಳುವುದು ಅಮ್ಮನಿಗೆ ಆಗದು, ಊಟ ಬಡಿಸುವಾಗ ಬಾಯಿಬಿಟ್ಟಳು.

"ನಿನ್ ಅಪ್ಪನ್ ಸಣ್ಣತ್ತಿ ಒಂದಿದಿತ್. ಅದ್ ಬಾಣಂತಿ ಆಯಿದ್ದಾಗ್ಳೇ ಹೋದ್ದ್."

"ಎಂತಾಯಿ ಹೋದ್ದ್?"

"ಉಣ್, ಉಣ್. ಸಾರ್ ತಣೀತ್," ಎಂದು ಅಮ್ಮ ಎದ್ದು ಹೋದಳು.

ಕತ್ತಿ ತೆಗೆಯುವವಳು ನಾನೇ ಎಂದು ನನಗೆ ಗೊತ್ತಿತ್ತು. ಆದರೂ ಅಂದಿನಿಂದ ಮಧ್ಯಾಹ್ನ ಆ ಕೋಣೆಯಲ್ಲಿ ಕೂತಾಗ ಬಾಗಿಲ ಕಡೆ ನೋಡತೊಡಗಿದೆ. ಆ ಸಣ್ಣತ್ತೆ, ಅಪ್ಪನ ಸೋದರತ್ತೆ, ಬಾಣಂತನಕ್ಕೆ ಈ ಮನೆಗೇ ಬಂದು ಇದೇ ಕೋಣೆಯಲ್ಲಿ, ಇದೇ ಕಿಟಕಿಯ ಕೆಳಗೆ ಮಗುವಿನ ಪಕ್ಕ ಕೂತವಳು. ಅವಳಿಗೂ ಮಧ್ಯಾಹ್ನದ ಹೊತ್ತಿಗೆ ಹೀಗೇ ಕಂಡಿತ್ತೆ? ಅವಳೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡಿದ್ದಳೆ? ಅವಳು ಬರುತ್ತಾಳೆ ಎಂಬ ಹೆದರಿಕೆಗಿಂತ, ಅಮ್ಮ ತನಗೇ ತಿಳಿಯದೆ ಹೆದರುತ್ತಿರುವುದು ನನಗೇ ಎಂಬ ಯೋಚನೆ ಹೆಚ್ಚು ಹಿಂಸೆ ಕೊಡುತ್ತಿತ್ತು. ಬೇವಿನ ಸೊಪ್ಪು ಕಟ್ಟಿದ್ದು, ಕಬ್ಬಿಣ ಇಟ್ಟದ್ದು ಯಾರನ್ನು ದೂರ ಇಡಲೋ ಅವಳು ಈಗಾಗಲೇ ಒಳಗೆ, ಹಾಸಿಗೆಯ ಮೇಲೆ ಕೂತಿದ್ದಳು.

ಒಂದೂವರೆ ತಿಂಗಳಿಗೆ ಚುಚ್ಚುಮದ್ದು ಹಾಕಿಸಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದೆವು. ಅಂಗಳದಲ್ಲಿ ನಮ್ಮ ಕಾಲೇಜಿನ ಹುಡುಗಿಯರು! ನನ್ನ ಜೂನಿಯರ್‌ಗಳು, ನನ್ನದೇ ನಾಟಕ. ಅಳುವ ಬಾಣಂತಿ, ಗದರುವ ಅತ್ತೆ, ಬಿಳಿ ಕೋಟು. ನಾನು ಬರೆದ ಮಾತುಗಳನ್ನು ನಾನೇ ಬಾಣಂತಿಯರ ಸಾಲಿನಲ್ಲಿ ಕೂತು ಕೇಳಿದೆ. ಮುಗಿದ ಮೇಲೆ ಅವರು ಒಬ್ಬೊಬ್ಬ ತಾಯಿಯ ಹತ್ತಿರವೂ ಕೂತು ವಿಚಾರಿಸಿದರು. ನಗು ಬರುತ್ತದೆಯೆ, ನಿದ್ದೆ ಬರುತ್ತದೆಯೆ, ಕಾರಣವಿಲ್ಲದೆ ಹೆದರಿಕೆಯಾಗುತ್ತದೆಯೆ, ಹೀಗೆ. ಇವರು ಕೇಳಿದರೆ ಹೇಳಿಬಿಡುತ್ತೇನೆ ಎಂದುಕೊಂಡೆ, ನಿಜವಾಗಿಯೂ ಹೇಳುವವಳಿದ್ದೆ. ದೀಕ್ಷಾ ಎಂಬ ಹುಡುಗಿ ನನ್ನ ಎದುರು ಬಂದು ಮಗುವಿನ ಕೆನ್ನೆ ಮುಟ್ಟಿದಳು.

"ಅಶ್ವಿನಿ ಅಕ್ಕಾ, ನಿಮ್ಮತ್ರ ಎಂತ ಕೇಂಬುದ್! ನಮಗೆ ಕಲಿಸಿದ್ದೇ ನೀವಲ್ದಾ?"

"ಅಲ್ದಾ ಮತ್ತೆ," ಎಂದು ನಾನೂ ನಕ್ಕೆ. ಅವಳು ಪಕ್ಕದವಳ ಹತ್ತಿರ ಹೋದಳು. ಪಕ್ಕದಲ್ಲಿದ್ದ ಅಮ್ಮ ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡಳು.

ಅದಾಗಿ ಕೆಲವೇ ದಿನಗಳಲ್ಲಿ ನಾನು ಹುಲ್ಲುಕತ್ತಿಯನ್ನು ಬಾವಿಗೆ ಹಾಕಿದೆ. ಮನೆಯೊಳಗೆ ಎಲ್ಲಿ ಅಡಗಿಸಿದರೂ ಇಂದಲ್ಲ ನಾಳೆ ಅಮ್ಮನ ಕೈಗೆ ಸಿಗುತ್ತದೆ, ಬಾವಿಯಿಂದ ತರಲಾರಳು ಎಂಬ ಲೆಕ್ಕಾಚಾರ. ಮಧ್ಯಾಹ್ನ ಮಗು ಮಲಗಿದ ಮೇಲೆ ಕತ್ತಿಯನ್ನು ಸೀರೆಯ ಮಡಿಕೆಯಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಹೋದೆ. ಕೆಳಗೆ ಎಲ್ಲೋ ನೀರು ಬುಳಕ್ ಎಂದಿತು. ಒಮ್ಮೆ ಮನಸ್ಸು ಹಗುರವಾಯಿತು. ಆಮೇಲೆ ಇನ್ನೊಂದು ಯೋಚನೆ ತಣ್ಣಗೆ ಬಂತು: ಕಬ್ಬಿಣ ಹೋಯಿತು, ಆದರೆ ಕೈ ಇಲ್ಲೇ ಇದೆಯಲ್ಲ. ಮಗುವಿಗೆ ಅಪಾಯ ಇರುವುದು ನನ್ನಿಂದಲೇ ಆದರೆ, ನಾನೇ ಇಲ್ಲದಿದ್ದರೆ? ಎಷ್ಟು ಹೊತ್ತು ಕಟ್ಟೆ ಹಿಡಿದು ನಿಂತಿದ್ದೆನೋ ಗೊತ್ತಿಲ್ಲ.

"ಹೆಣೇ!"

ಅಮ್ಮ ಓಡಿ ಬಂದಳು. ಅವಳು ಓಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನನ್ನ ರಟ್ಟೆ ಹಿಡಿದು ಎಳೆದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿದಳು.

"ಕತ್ತಿ ತೆಗ್ದದ್ದ್ ನಾನೇ ಅಮ್ಮ. ಎಲ್ಲಾ ನಾನೇ ತೆಗ್ದದ್ದ್."

"ನೀನಾ?" ಅಮ್ಮನಿಗೆ ಮೊದಲು ಬಂದದ್ದು ನಗು. "ಅಯ್ಯೋ ದೇವ್ರೆ, ನಾ ಅದೇ ಬಂತ್ ಅಂದೇಳಿ ಎಷ್ಟ್ ಹೆದ್ರ್‌ದೆ ಮರಾಯ್ತಿ! ಎಂತಕ್ ತೆಗ್ದೆ?"

ಹೇಳಿದೆ. ಮಧ್ಯಾಹ್ನ ಏನು ಕಾಣುತ್ತದೆ, ಎಷ್ಟು ದಿನದಿಂದ ಕಾಣುತ್ತದೆ, ಈಗ ಬಾವಿಯ ಹತ್ತಿರ ನಿಂತು ಏನು ಯೋಚಿಸಿದೆ, ಎಲ್ಲ ಹೇಳಿದೆ. ಹೇಳುತ್ತಾ ಹೋದಂತೆ ಅಮ್ಮನ ಮುಖದಿಂದ ನಗು ಇಳಿದು, ನಾನು ಯಾರೋ ಪರಿಚಯವಿಲ್ಲದವಳು ಎಂಬಂತೆ ನೋಡತೊಡಗಿದಳು. ನನ್ನ ಕೈ ಹಿಡಿದು ಒಳಗೆ ಕರೆತಂದಳು, ಚಾವಡಿಯಲ್ಲಿ ಕೂರಿಸಿದಳು. ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಂಡು ತನ್ನ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು.

ಆ ಚಿಲಕದ ಸದ್ದು ನನಗೆ ಇವತ್ತೂ ಕೇಳಿಸುತ್ತದೆ. ಯಾರದೋ ಮನೆಯಲ್ಲಿ ಯಾರೋ ಬಾಗಿಲು ಹಾಕಿಕೊಂಡರೂ ತಿರುಗಿ ಮಗಳೆಲ್ಲಿ ಎಂದು ನೋಡುತ್ತೇನೆ. ಇಷ್ಟು ದಿನ ಯಾವುದಕ್ಕೆ ಹೆದರಿ ಬಾಯಿ ಮುಚ್ಚಿದ್ದೆನೋ ಅದೇ ಆಯಿತು, ಮಾಡಿದವಳು ನನ್ನ ಅಮ್ಮ. ಚಾವಡಿಯಲ್ಲಿ ಕೂತು ನಾನು ಮೊದಲ ಸಲ ಅತ್ತೆ. ಎದೆಯಿಂದ ಹಾಲು ಸೋರಿ ರವಿಕೆ ಒದ್ದೆಯಾಯಿತು.

ಬಾಗಿಲ ಹಿಂದಿನಿಂದಲೇ ಅಮ್ಮ ಪ್ರದೀಪರಿಗೆ ಫೋನು ಮಾಡಿದ್ದಳು. ಅವರು ಹೋಟೆಲು ಬಿಟ್ಟು ಘಟ್ಟ ಇಳಿದು ಬರುವವರೆಗೆ ಮಗುವನ್ನು ಹಾಲಿಗೆ ಮಾತ್ರ ತಂದು ಕೊಡುತ್ತಿದ್ದಳು, ಎದುರಿಗೇ ಕೂತು, ಕುಡಿಸಿದ ಕೂಡಲೇ ತೆಗೆದುಕೊಳ್ಳುತ್ತಿದ್ದಳು. ನನ್ನನ್ನೂ ಕಣ್ಣಿನಿಂದ ಮರೆಯಾಗಲು ಬಿಡುತ್ತಿರಲಿಲ್ಲ, ಬಚ್ಚಲಿಗೆ ಹೋದರೂ ಹಿಂದೆ ಬರುತ್ತಿದ್ದಳು. ಮನೆಯ ಚೂರಿ, ಮೆಟ್ಟುಗತ್ತಿ, ಹೆರೆಮಣೆ ಎಲ್ಲವನ್ನೂ ಗೋಣಿಯಲ್ಲಿ ಕಟ್ಟಿ ಪಕ್ಕದ ಮನೆಗೆ ಸಾಗಿಸಿದಳು. ಹೆರೆಮಣೆಯ ಹಲ್ಲು ಹೋಗಿದೆ ಎಂದು ಸುಳ್ಳು ಹೇಳಿ ಅವರ ಮನೆಯಲ್ಲೇ ಕಾಯಿ ಹೆರೆಸಿ ತಂದಳು. ಬಸಳೆಯನ್ನು ಕೈಯಲ್ಲಿ ಮುರಿದು ಪದಾರ್ಥ ಮಾಡಿದಳು. ನನ್ನ ಬಟ್ಟಲಿಗೆ ಬಡಿಸುವಾಗ ನನ್ನ ಮುಖ ನೋಡುತ್ತಿರಲಿಲ್ಲ.

ಪ್ರದೀಪ್ ಬಂದವರೇ ನನ್ನ ಪಕ್ಕ ಕೂತರು. ಅವರು ಜಾಸ್ತಿ ಮಾತಿನವರಲ್ಲ.

"ಫೋನಂಗೆ ದಿನಾ ಆರಾಮ್ ಇದ್ದೆ ಅಂದೆ ಅಲ್ದಾ, ಅಶ್ವಿ?"

"ಮತ್ತೆಂತ ಹೇಳೂದ್?"

ಅವರು "ನಾಳೆ ಬೆಳಿಗ್ಗೆ ಕುಂದಾಪ್ರಕ್ಕೆ ಹೋಪ. ನಾಲ್ಕೂ ಜನ ಹೋಪ," ಎಂದರು. ನಾಲ್ಕು ಜನ ಎಂದಾಗ ಮಗುವೂ ಲೆಕ್ಕದಲ್ಲಿತ್ತು. ಆ ಒಂದು ಮಾತನ್ನು ಹಿಡಿದುಕೊಂಡು ಬೆಳಗು ಮಾಡಿದೆ.

ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರಿಗೂ ಮಾನಸಿಕ ರೋಗದ ಡಾಕ್ಟರಿಗೂ ಒಂದೇ ಸಾಲು ಕುರ್ಚಿ. ಅಲ್ಲಿದ್ದವರೆಲ್ಲ ಕಿವಿನೋವಿನವರ ಮುಖ ಮಾಡಿಕೊಂಡು ಕೂತಿದ್ದರು. ನಮ್ಮೂರಿನ ಕಡೆಯ ಹೆಂಗಸೊಬ್ಬಳು ಅಮ್ಮನನ್ನು ಕಂಡು, "ಹ್ವಾಯ್, ನೀವೆಂತ ಇಲ್ಲಿ?" ಎಂದು ಬಂದಳು. "ಕಿವಿ. ಹೆಣ್ಣಿಗೆ ಕಿವಿ ನೋವ್," ಎಂದಳು ಅಮ್ಮ. "ನಂಗೂ ಕಿವಿಯೇ," ಎಂದಳು ಆಕೆ, ಎರಡನೇ ಬಾಗಿಲಿನಿಂದ ಅವಳ ಹೆಸರು ಕರೆದಾಗ ಎದ್ದು ತಲೆ ತಗ್ಗಿಸಿ ಒಳಗೆ ಹೋದಳು. ಅದು ಕಿವಿಯ ಡಾಕ್ಟರ ಬಾಗಿಲಾಗಿರಲಿಲ್ಲ. ನನಗೆ ನಗು ಬಂತು. ಎಷ್ಟೋ ವಾರಗಳ ನಂತರ ಬಂದ ನಗು ಅದು.

ಡಾಕ್ಟರಮ್ಮ ನಡುವಯಸ್ಸಿನವರು, ಮೇಜಿನ ಮೇಲೆ ಅರ್ಧ ಕುಡಿದ ಚಹಾ. ನಾನು ವೈದ್ಯಕೀಯ ವಿದ್ಯಾರ್ಥಿನಿ ಎಂದು ಪ್ರದೀಪ್ ಹೇಳಿದರು. ಅವರು ಅದನ್ನು ಕಿವಿಗೇ ಹಾಕಿಕೊಳ್ಳದೆ, ಉಳಿದವರನ್ನು ಹೊರಗೆ ಕೂರಿಸಿ, ಏನೂ ಗೊತ್ತಿಲ್ಲದವಳಿಗೆ ಕೇಳುವ ಹಾಗೆ ಒಂದೊಂದಾಗಿ ಕೇಳಿದರು. ಅದೇ ನನಗೆ ಸಿಕ್ಕ ದೊಡ್ಡ ಉಪಕಾರ. ಯಾರದಾದರೂ ದನಿ ಕೇಳಿಸುತ್ತದೆಯೆ? ಇಲ್ಲ. ಸಾಯಬೇಕು ಅನಿಸಿತ್ತೆ? ಒಮ್ಮೆ, ಬಾವಿಯ ಹತ್ತಿರ. ಆ ಚಿತ್ರ ಬಂದಾಗ ಹಾಗೆ ಮಾಡಬೇಕು ಅನಿಸುತ್ತದೆಯೋ, ಮಾಡಿಬಿಟ್ಟರೆ ಎಂದು ಹೆದರಿಕೆಯಾಗುತ್ತದೆಯೋ? ನಾನು ಉತ್ತರ ಕೊಡುವ ಮೊದಲೇ ಅಳತೊಡಗಿದೆ. ಅಷ್ಟು ದಿನ ಆ ಎರಡೂ ಬೇರೆ ಬೇರೆ ಎಂದು ನನಗೆ ಹೊಳೆದೇ ಇರಲಿಲ್ಲ.

ಆಮೇಲೆ ಎಲ್ಲರನ್ನೂ ಒಳಗೆ ಕರೆದು ಹೇಳಿದರು. ಇದು ಹೆರಿಗೆಯ ನಂತರದ ಖಿನ್ನತೆ, ಹೀಗೂ ಬರುತ್ತದೆ, ಹೀಗೆ ಬಂದವರು ಹೇಳದೆ ಮುಚ್ಚಿಡುತ್ತಾರೆ, ವಾಸಿಯಾಗುತ್ತದೆ ಎಂದರು. ಮಾತ್ರೆ ಬರೆದರು. ಪ್ರದೀಪ್ ಮಾತ್ರೆಯ ಬಗ್ಗೆ ಕೇಳಿದರು, ಹಾಲು ಕುಡಿಸಬಹುದೆ ಎಂದು ಕೇಳಿದರು. ಅಮ್ಮ ಅದಾವುದನ್ನೂ ಕೇಳಲಿಲ್ಲ. ಮಗುವನ್ನು ಎದೆಗೆ ಒತ್ತಿಕೊಂಡು ಕೂತವಳು ಕೊನೆಗೆ ಬಾಯಿ ತೆರೆದಳು.

"ಡಾಕ್ಟ್ರೇ, ಶಿಶುನ್ ಇದ್ರ್ ಕೈಯಂಗೆ ಕೊಡ್ಲಕ್ಕಾ?"

ನಾನು ನೆಲ ನೋಡುತ್ತಾ ಕೂತಿದ್ದೆ.

"ಕೊಡಿ. ಈಗಲೇ ಕೊಡಿ," ಎಂದರು ಡಾಕ್ಟರಮ್ಮ. "ಇವಳು ಹೆದರಿ ಕತ್ತಿಯನ್ನೇ ಬಾವಿಗೆ ಹಾಕಿದ್ದಾಳೆ. ಮಗುವಿನ ಮೇಲೆ ಕೈ ಮಾಡುವವರು ಹೀಗೆ ಹೆದರುವುದಿಲ್ಲ. ಆದರೆ ಸ್ವಲ್ಪ ದಿನ ಇವಳನ್ನು ಒಂಟಿಯಾಗಿ ಬಿಡಬೇಡಿ. ಬಾವಿಯ ಯೋಚನೆ ಇನ್ನೊಮ್ಮೆ ಬಂದರೆ, ಯಾವ ಹೊತ್ತಾದರೂ ಸರಿ, ಇಲ್ಲಿಗೆ ಕರೆದುಕೊಂಡು ಬನ್ನಿ."

ಅಮ್ಮ ಎದ್ದು ಬಂದು ಮಗುವನ್ನು ನನ್ನ ತೊಡೆಯ ಮೇಲಿಟ್ಟಳು. ಇಟ್ಟವಳು ಕೈ ಮಾತ್ರ ಪೂರ್ತಿ ತೆಗೆಯಲಿಲ್ಲ, ಮಗುವಿನ ಕಾಲಿನ ಮೇಲೆ ಹಾಗೇ ಇತ್ತು. ಹೊರಗೆ ಬಂದ ಮೇಲೆ ಪ್ರದೀಪ್ ನನಗೊಂದು ಐಸ್‌ಕ್ರೀಮ್ ತಂದುಕೊಟ್ಟರು. ಬಾಣಂತಿಗೆ ತಣ್ಣೀರನ್ನೂ ಮುಟ್ಟಲು ಬಿಡದ ಅಮ್ಮ, ನಾನು ಅದನ್ನು ತಿಂದು ಮುಗಿಸುವವರೆಗೆ ಶಾಸ್ತ್ರಿ ಸರ್ಕಲ್ಲಿನ ಬಸ್ಸುಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಾ ನಿಂತಳು.

ಮಾತ್ರೆ ನುಂಗಿದ ಮಾರನೇ ದಿನ ಎಲ್ಲ ಸರಿಯಾಗಲಿಲ್ಲ. ನನ್ನ ನಾಟಕದಲ್ಲಿ ಹಾಗೆ ಆಗುತ್ತಿತ್ತು. ಮೊದಲ ವಾರಗಳಲ್ಲಿ ಇನ್ನೂ ಹದಗೆಟ್ಟೆ, ಹೊಟ್ಟೆ ತೊಳಸುತ್ತಿತ್ತು, ಮಧ್ಯಾಹ್ನದ ಚಿತ್ರ ಬರುತ್ತಲೇ ಇತ್ತು. ಬಂದಾಗ "ಬಂತ್" ಎಂದು ಬಾಯಿಬಿಟ್ಟು ಹೇಳಲು ಡಾಕ್ಟರಮ್ಮ ಕಲಿಸಿದ್ದರು. ನಾನು ಕೋಣೆಯಿಂದ "ಅಮ್ಮಾ, ಬಂತ್" ಎನ್ನುತ್ತಿದ್ದೆ, ಅವಳು ಚಾವಡಿಯಿಂದ ಎದ್ದು ಬಂದು ಪಕ್ಕ ಕೂರುತ್ತಿದ್ದಳು, ಸ್ವಲ್ಪ ಹೊತ್ತಿನ ಮೇಲೆ "ಹೋಯ್ತಾ?" ಎಂದು ಕೇಳುತ್ತಿದ್ದಳು. ನೆಂಟರು ಬಂದು ಹೋಗುವುದನ್ನು ವಿಚಾರಿಸುವ ದನಿಯಲ್ಲೇ. ಪಕ್ಕದ ಮನೆಯಿಂದ ಗೋಣಿ ವಾಪಸು ಬಂತು, ಅದೂ ಡಾಕ್ಟರಮ್ಮನ ಅಪ್ಪಣೆ. ಮೊದಲ ದಿನ ನಾಲ್ಕು ಬೀನ್ಸ್ ಕತ್ತರಿಸುವಷ್ಟರಲ್ಲಿ ಬೆವತುಹೋದೆ. ಅಮ್ಮ ಎದುರಿಗೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು, ನನಗಿಂತ ಹೆಚ್ಚು ಬೆವತಿದ್ದಳು. ಹಲವು ವಾರಗಳ ಮೇಲೆ ಒಂದು ಬೆಳಿಗ್ಗೆ ನೀರುದೋಸೆಗೆ ರುಚಿ ಇದೆ ಎಂದು ಗೊತ್ತಾಯಿತು. ಇನ್ನೊಂದು ದಿನ ಹಾಲು ಕುಡಿಸುವಾಗ ಗೋಡೆಯನ್ನು ಬಿಟ್ಟು ಮಗುವನ್ನು ನೋಡುತ್ತಿದ್ದೆ.

ಅಮ್ಮನ ಮೇಲಿನ ಸಿಟ್ಟು ಇಳಿಯಲು ಇನ್ನೂ ಹೆಚ್ಚು ಕಾಲ ಹಿಡಿಯಿತು, ಪೂರ್ತಿ ಇಳಿದಿದೆ ಎಂದರೆ ಸುಳ್ಳಾಗುತ್ತದೆ. ಒಮ್ಮೆ ಜಗಳದ ನಡುವೆ ಚಿಲಕದ ಮಾತು ಎತ್ತಿದೆ. "ಅವತ್ತ್ ನಾ ಮತ್ತೆಂತ ಮಾಡ್ಕಿತ್, ಹೆಣೆ?" ಎಂದು ಕೇಳಿದಳು. ಅವಳ ಜಾಗದಲ್ಲಿ ನಾನಿದ್ದರೂ ಚಿಲಕ ಹಾಕುತ್ತಿದ್ದೆನೇನೋ. ಆಸಾಡಿ ಅಮಾವಾಸ್ಯೆಗೆ ಹಿರಿಯರಿಗೆ ಬಡಿಸುವಾಗ ಅಮ್ಮ ಒಂದು ಎಲೆ ಹೆಚ್ಚು ಹಾಕಿದಳು. ಯಾರಿಗೆಂದು ಕೇಳಲಿಲ್ಲ. ಸಣ್ಣತ್ತೆಯ ಹೆಸರೇನು ಎಂದು ಮಾತ್ರ ಕೇಳಿದೆ. ಅಮ್ಮನಿಗೆ ಗೊತ್ತಿರಲಿಲ್ಲ. ಪುಣೆಗೆ ಫೋನು ಮಾಡಿದರೆ ಅಪ್ಪನಿಗೂ ಗೊತ್ತಿರಲಿಲ್ಲ. ಹೇಗೆ ಹೋದಳು ಎನ್ನುವುದನ್ನು ಮಾತ್ರ ಅಮ್ಮ ಅವತ್ತು ಹೇಳಿದಳು. ಅದೇ ಬಾವಿ.

ಇಂಟರ್ನ್‌ಶಿಪ್ ಮುಗಿಸಿ ಈಗ ನಾನು ಮತ್ತೆ ಓದುತ್ತಿದ್ದೇನೆ. ತಾಯಂದಿರ ಸಭೆಗಳಿಗೂ ಹೋಗುತ್ತೇನೆ, ನಾಟಕ ಆಡುವುದಿಲ್ಲ. ಬಿಳಿ ಕೋಟು ಬ್ಯಾಗಿನಲ್ಲಿಟ್ಟು, ಅವರೊಂದಿಗೆ ಚಾಪೆಯ ಮೇಲೆ ಕೂತು, ಇಲ್ಲಿ ಬರೆದದ್ದನ್ನೇ ಹೇಳುತ್ತೇನೆ. ಹಾಗೆಲ್ಲ ಹೇಳಿಕೊಂಡರೆ ನಾಳೆ ನಿನ್ನ ಹತ್ತಿರ ಯಾರು ಮಕ್ಕಳನ್ನು ತೋರಿಸಲು ಬರುತ್ತಾರೆ ಎಂದು ಹಿತೈಷಿಗಳು ಎಚ್ಚರಿಸಿದ್ದಾರೆ. ಅದು ನನ್ನ ಮನಸ್ಸಿನಲ್ಲೂ ಇರುವ ಪ್ರಶ್ನೆಯೇ. ಹೇಳುತ್ತಿರುವಾಗ ಕೆಲವು ತಾಯಂದಿರು ತಮಗೇ ತಿಳಿಯದೆ ಮಗುವನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ನಾನು ಅದನ್ನು ನೋಡುತ್ತೇನೆ, ಪ್ರತಿ ಸಲವೂ ನೋವಾಗುತ್ತದೆ.

ಹೋದ ತಿಂಗಳು ಬೈಂದೂರಿನ ಹತ್ತಿರದ ಒಂದು ಅಂಗನವಾಡಿಗೆ ಹೋಗಿದ್ದೆ. ಮಾತು ಮುಗಿದಾಗ ಚಪ್ಪಾಳೆ ಬರಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಎದ್ದು, ನನ್ನಿಂದ ಸ್ವಲ್ಪ ದೂರದಲ್ಲಿ ಸುತ್ತಿಕೊಂಡು ಹೊರಗೆ ಹೋದರು. ಬಾಗಿಲ ಹತ್ತಿರ ಒಬ್ಬಳು ಉಳಿದಿದ್ದಳು. ಸಣ್ಣ ಪ್ರಾಯದವಳು, ಕೈಯಲ್ಲಿ ಎರಡು ಮೂರು ತಿಂಗಳ ಮಗು. ಎಲ್ಲರೂ ಹೋಗುವವರೆಗೆ ಕಾದು ಹತ್ತಿರ ಬಂದಳು.

"ನಿಮ್ಗ್ ಈಗ್ಳೂ ಬತ್ತಾ, ಅದ್?"

ಇಲ್ಲ ಎನ್ನಬಹುದಿತ್ತು. ಅವಳ ಕಣ್ಣ ಕೆಳಗಿನ ಕಪ್ಪು ನೋಡಿ ಸುಳ್ಳು ಹೇಳಲಾಗಲಿಲ್ಲ.

"ಬತ್ತ್. ಅಪರೂಪಕ್ ಒಂದೊಂದ್ ಸಲ. ಬಂದ್ ಹೋತ್ತ್."

ಅವಳು ನನ್ನ ಮುಖವನ್ನು, ಆಮೇಲೆ ನನ್ನ ಕೈಗಳನ್ನು ನೋಡಿದಳು. ಹಾಗೆ ನೋಡುವುದು ಏನೆಂದು ನನಗೆ ಗೊತ್ತು. ಇವಳೂ ಹಿಂದೆ ಸರಿದು ಹೊರಡುತ್ತಾಳೆ ಎಂದು ಕಾದೆ. ಅವಳು ಇನ್ನೊಂದು ಹೆಜ್ಜೆ ಮುಂದೆ ಬಂದಳು.

"ಹಾಂಗಾರೆ ಇದನ್ ಒಂಚೂರ್ ಹಿಡ್ಕಣಿ," ಎಂದು ಮಗುವನ್ನು ನನ್ನ ತೋಳಿಗೆ ಹಾಕಿದಳು. "ಶಿಶು ನನ್ ಕೈಯಂಗಿದ್ರೆ ನಂಗ್ ಹೇಳೂಕ್ ಆತಿಲ್ಲೆ."

ಮಗು ಒಮ್ಮೆ ಆಕಳಿಸಿ ನನ್ನ ಎದೆಗೆ ಮುಖ ಒತ್ತಿತು. ಅವಳು ಖಾಲಿ ಕೈಗಳನ್ನು ಸೀರೆಗೆ ಒರೆಸಿಕೊಂಡು, ಚಾಪೆಯ ಮೇಲೆ ಕೂತು, ಹೇಳತೊಡಗಿದಳು.